ನಬೀ ಸಾಬರ ಗಡ್ಡ ಮತ್ತು ಎರಡು ರೇಜರ್

ನಬೀ ಸಾಬರಿಗೆ ಲಕ್ವ ಹೊಡೆದ ಮೇಲೆ ಬಾಯಲ್ಲಿ ಉಳಿದದ್ದು ಒಂದೇ ಮಾತು: ಕಲಾಯಿ.

ನೀರು ಬೇಕಾದರೂ ಕಲಾಯಿ, ಫ್ಯಾನು ಹಾಕಬೇಕಾದರೂ ಕಲಾಯಿ. ಬೆಕ್ಕು ಹಾಲಿಗೆ ಬಾಯಿ ಹಾಕಿದರೆ ಅದೇ ಮಾತು ದೊಡ್ಡ ದನಿಯಲ್ಲಿ. ಬೆಕ್ಕು ನಮ್ಮ ಮನೆಯದು, ಹಾಗಾಗಿ ಆ ಬೈಗುಳ ಯಾರಿಗೆ ಎಂದು ನನಗೆ ಚೆನ್ನಾಗಿಯೇ ಗೊತ್ತಾಗುತ್ತಿತ್ತು. ಕೆಲವರಿಗೆ ಹೀಗಾಗುತ್ತದೆ, ತಿಳಿವಳಿಕೆ ಎಲ್ಲ ಇದ್ದಂತೆಯೇ ಇರುತ್ತದೆ, ಮಾತು ಮಾತ್ರ ಒಂದೋ ಎರಡೋ ಉಳಿಯುತ್ತವೆ ಎಂದು ಡಾಕ್ಟರು ಹೇಳಿದರಂತೆ. ಒಂದೇ ಉಳಿಯುವುದಾದರೆ ಅದೇ ಉಳಿಯಬೇಕಿತ್ತು ಬಿಡಿ. ಮೀಸೆ ಮೂಡಿದಾಗಿನಿಂದ ಸೈಕಲ್ಲಿಗೆ ತಿದಿ ಕಟ್ಟಿಕೊಂಡು ದಾವಣಗೆರೆಯ ಓಣಿ ಓಣಿ, ಆವರಗೆರೆ, ಹರಿಹರ, ಭಾನುವಳ್ಳಿಯ ತನಕ ಆ ಮನುಷ್ಯ ಕೂಗಿದ್ದೇ ಅದನ್ನು.

ಈಗಿನವರಿಗೆ ಕಲಾಯಿ ಎಂದರೆ ಗೊತ್ತಿರಲಿಕ್ಕಿಲ್ಲ. ತಾಮ್ರ ಹಿತ್ತಾಳೆಯ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿ ತಾಗಿಸಿ ಹತ್ತಿಯಲ್ಲಿ ಒರೆಸಬೇಕು. ಆಗ ಒಳಗೆಲ್ಲ ತವರ ಹರಡಿಕೊಂಡು ಬೆಳ್ಳಿಯ ಹಾಗೆ ಹೊಳೆಯುತ್ತದೆ, ಹುಳಿ ಪದಾರ್ಥ ಕಿಲುಬುವುದಿಲ್ಲ. ಮನೆಗಳಿಗೆ ಸ್ಟೀಲು ಬಂದ ಮೇಲೆ ಮದುವೆ ಅಡುಗೆಯ ದೊಡ್ಡ ತಾಮ್ರದ ದೇಗುಗಳು ನಬೀ ಸಾಬರ ಹೊಟ್ಟೆ ಹೊರೆದವು. ಹೆಂಡತಿ ಮಾಬೂಬೀ ತಿದಿ ಒತ್ತುವಳು, ಇವರು ಒರೆಸುವರು. ವಿನೋಬನಗರದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನಾನು ಬ್ಲೌಸು ಹೊಲಿಯುವವಳು, ಹೆಸರು ಭಾಗ್ಯಲಕ್ಷ್ಮಿ. ಆ ಗೋಡೆಯ ಆಚೆ ನಡೆದದ್ದರಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆ, ಗೊತ್ತಿಲ್ಲದ್ದನ್ನು ಮಾಬೂಬಕ್ಕ ತಾನಾಗಿಯೇ ಹೇಳುತ್ತಾಳೆ.

ಸಾಬರಿಗೆ ಒಂದೇ ಒಂದು ಶೋಕಿ ಇತ್ತು, ಗಡ್ಡದ್ದು. ಗಡ್ಡ ಬಿಟ್ಟವರಿಗೆ ರೇಜರ್ ಯಾಕೆ ಎಂದು ಒಮ್ಮೆ ಕೇಳಿ ನಾನು ಬೈಸಿಕೊಂಡಿದ್ದೇನೆ. ಗಡ್ಡದ ಮೇಲೆ ಕೆನ್ನೆ, ಕೆಳಗೆ ಕತ್ತು ನುಣ್ಣಗೆ ಮಾಡಿ ಅಂಚನ್ನು ಗೆರೆ ಹೊಡೆದ ಹಾಗೆ ನೇರ ಇಡಬೇಕು, ಅದಕ್ಕೆ ಖತ್ ಅನ್ನುತ್ತಾರೆ. ಸಾಬರ ಖತ್ ನೋಡಿ ಬ್ಲೌಸಿನ ಪಟ್ಟಿ ಹೊಲಿಯಬಹುದಿತ್ತು. ಅದಕ್ಕೆಂದೇ ಅವರ ಹತ್ತಿರ ಒಂದು ಹಳೆಯ ಹಿತ್ತಾಳೆ ರೇಜರ್. ಮದುವೆಯಲ್ಲಿ ಅಳಿಯನಿಗೆಂದು ಮಾಬೂಬಕ್ಕನ ಅಪ್ಪ ಕೊಟ್ಟದ್ದು. ಮುಚ್ಚಳ, ತಟ್ಟೆ, ಹಿಡಿ ಎಂದು ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ನಡುವೆ ಬ್ಲೇಡು ಇಟ್ಟು ತಿರುಗಿಸಿದರೆ ಎರಡೂ ಕಡೆ ಅಂಚು ಹೊರಗೆ ಬರುತ್ತದೆ, ಅಂಚಿನ ಕೆಳಗೆ ಬಾಚಣಿಗೆಯ ಹಾಗೆ ಹಲ್ಲು. ಪ್ರತಿ ಶುಕ್ರವಾರ ಬೆಳಿಗ್ಗೆ ಸಾಬರು ಅದನ್ನೂ ಒಂದು ಲೋಟ ಬಿಸಿನೀರನ್ನೂ ಹಿಡಿದು ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಳ್ಳುವರು. ಒಳಗೆ ಹೆಂಡತಿಗೂ ಪ್ರವೇಶವಿಲ್ಲ.

ಆ ಅಗುಳಿಯೇ ಮಾಬೂಬಕ್ಕನ ಎದೆಯೊಳಗಿನ ಮುಳ್ಳು. ಮದುವೆಯಾದ ಹೊಸದರಲ್ಲಿ, ಕಲಾಯಿ ಹಾಕಲು ಇಟ್ಟ ಒಂದು ಪಾತ್ರೆಯನ್ನು ಈಕೆ ಸರಿಯಾಗಿ ಒರೆಸದೆ ಕೊಟ್ಟಿದ್ದಳು. ಒಳಗೆಲ್ಲೋ ಒಂದು ಹನಿ ನೀರು. ಕರಗಿದ ತವರ ಅದಕ್ಕೆ ತಾಗಿ ಚಟಾರನೆ ಸಿಡಿದು ಸಾಬರ ಎಡಗೆನ್ನೆಗೆ ಹತ್ತಿತು. ಕಣ್ಣು ಉಳಿದದ್ದು ಪುಣ್ಯ. ಗಾಯ ಮಾಯಿತು, ಆದರೆ ಆ ಕೆನ್ನೆಯಲ್ಲಿ ಉಬ್ಬುತಗ್ಗಿನ ಕಲೆ ಉಳಿಯಿತು, ಉಬ್ಬುಗಳ ನಡುನಡುವೆ ಕೂದಲು. ಅವರು ಒಂದು ಮಾತೂ ಬೈಯಲಿಲ್ಲ. ಆದರೆ ಅಂದಿನಿಂದ ಹೆಂಡತಿಗೆ ಆ ಕೆನ್ನೆ ಕೊಡಲೂ ಇಲ್ಲ. ಕೂತರೆ ಆಕೆಯನ್ನು ಬಲಕ್ಕೇ ಕೂರಿಸಿಕೊಳ್ಳುವರು, ಮಲಗಿದರೆ ಎಡಗೆನ್ನೆ ಗೋಡೆ ಕಡೆಗೆ.

“ಬಾಯಿಲೆ ಬೈದಿದ್ರೆ ಒಂದಿನಕ್ಕೆ ಮುಗೀತಿತ್ತು ಭಾಗ್ಯ,” ಎಂದು ಆಕೆ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾಳೆ. “ಅವ್ರು ಮನಸ್ನಾಗ ಇಟ್ಕೊಂಡಾರೆ.”

ನಾನೂ ಹಾಗೆಯೇ ನಂಬಿದ್ದೆ. ಒಳ್ಳೆಯವರ ಸಿಟ್ಟು ದೊಡ್ಡ ಪೀಡೆ, ಅದರ ಜೊತೆ ಜಗಳವೂ ಆಡಲಾಗುವುದಿಲ್ಲ.

ಲಕ್ವದಲ್ಲಿ ಹೋದದ್ದು ಬಲಗೈ. ಕೋಲು ಹಿಡಿದು ನಡೆಯುವಷ್ಟು ಕಾಲು ಉಳಿಯಿತು, ರೇಜರ್ ಹಿಡಿಯುವ ಕೈ ಉಳಿಯಲಿಲ್ಲ. ಗಡ್ಡ ಕಣ್ಣಿನ ಕೆಳಗಿನವರೆಗೆ ಏರಿತು, ಕತ್ತಿನಲ್ಲಿ ಇಳಿಯಿತು. ಸಾಬರು ಮಸೀದಿಗೆ ಹೋಗುವುದನ್ನು ಬಿಟ್ಟರು, ಆಮೇಲೆ ಬಾಗಿಲಿಗೆ ಬರುವುದನ್ನೂ ಬಿಟ್ಟರು. ಕಟಿಂಗ್ ಅಂಗಡಿಯ ದಿನೇಶ್ ಪಾಪ ಮನೆಗೇ ಬಂದ. ಎಡಗೆನ್ನೆಗೆ ಕತ್ತಿ ತರುತ್ತಿದ್ದ ಹಾಗೆ ಸಾಬರು ಅವನ ಬಟ್ಟಲನ್ನು ತಳ್ಳಿಬಿಟ್ಟರು.

ಅಷ್ಟರಲ್ಲಿ ಹರಿಹರದಲ್ಲಿ ಮೊಮ್ಮಗಳು ಮಹೀನಳ ನಿಕಾಹ್ ಗೊತ್ತಾಯಿತು. ಅಜ್ಜನ ಕೈಯಲ್ಲಿ ಆಡಿ ಬೆಳೆದ ಹುಡುಗಿ, ಅಜ್ಜ ಬರದಿದ್ದರೆ ನಾನು ಕೂರುವುದೇ ಇಲ್ಲ ಎಂದು ಫೋನಿನಲ್ಲಿ ಅತ್ತಳು. ಸಾಬರು ಗಡ್ಡ ಮುಟ್ಟಿ ತೋರಿಸಿ ತಲೆ ಅಲ್ಲಾಡಿಸಿದರು. ಬರುವುದಿಲ್ಲ ಎಂದರೆ ಬರುವುದಿಲ್ಲ.

“ನಾನೇ ಮಾಡ್ತೀನಿ,” ಎಂದಳು ಮಾಬೂಬಕ್ಕ. ಎಂದವಳೇ ಹೆದರಿ ನನ್ನ ಮನೆಗೆ ಓಡಿ ಬಂದಳು.

ಮದುವೆಗೆ ಎರಡು ದಿನ ಇರುವಾಗ ಸಾಬರ ಅಳಿಯ, ಮಹೀನಳ ಅಪ್ಪ ಅಮ್ಜದ್ ಹರಿಹರದಿಂದ ಒಂದು ಡಬ್ಬಿ ತಂದ. ಆನ್‌ಲೈನಿನಲ್ಲಿ ತರಿಸಿದ ಹೊಸ ರೇಜರ್. ಅದೂ ಎರಡು ಅಂಚಿನದೇ, ಹಳೆಯದರ ಬ್ಲೇಡೇ ಇದಕ್ಕೂ ಹಿಡಿಯುತ್ತದೆ, ಆದರೆ ಹಲ್ಲಿನ ಬದಲು ನುಣುಪಾದ ಪಟ್ಟಿ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

“ಅಮ್ಮೀ, ಇದು ಈಗಿನ್ದು,” ಎಂದ ಅಮ್ಜದ್. “ಬ್ಲೇಡು ಕೂದ್ಲೆಳೆಯಷ್ಟು ಹೊರಗೈತೆ ನೋಡ್ರಿ. ಹೆಂಗೆ ಹಿಡಿದ್ರೂ ಕೊಯ್ಯಲ್ಲ. ಆ ಹಳೇದು ಬ್ಯಾಡ, ಒಂದ್ಕಡೆ ಹಲ್ಲೆಲ್ಲ ಕಿಲುಬು ಕಟ್ಟಿ ಮುಚ್ಚೇ ಹೋಗೈತೆ.”

“ಅವ್ರಿಗೆ ಅದೇ ರೂಢಿ. ನಮ್ಮಪ್ಪ ಕೊಟ್ಟಿದ್ದು.”

“ಅವ್ರ ಕೈಗೆ ರೂಢಿ ಮಾಬೂಬಕ್ಕ,” ಎಂದು ನಾನು ನಡುವೆ ಬಾಯಿ ಹಾಕಿದೆ. “ಈಗ ಹಿಡಿಯೋ ಕೈ ನಿಂದು. ನಿನ್ನ ಕೈಗೆ ಯಾವುದು ಹೊಂದುತ್ತೆ ನೋಡು.”

ನೋಡುವುದು ಯಾವುದರ ಮೇಲೆ? ನಮ್ಮ ಮಾಳಿಗೆಯ ಬಳ್ಳಿಯಲ್ಲಿ ಎಳೆ ಸೋರೆಕಾಯಿ ಬಿಟ್ಟಿದ್ದವು. ಎಳೆ ಸೋರೆಗೆ ಮೈತುಂಬ ಸಣ್ಣ ಕೂದಲು, ಹದಿನಾರರ ಹುಡುಗನ ಕೆನ್ನೆಯೇ. ಒಂದನ್ನು ಕಿತ್ತು ಸೋಪು ಹಚ್ಚಿ ತೊಡೆಯ ಮೇಲಿಟ್ಟುಕೊಂಡೆವು. ಹಳೆಯ ರೇಜರ್ ಮೊದಲ ಎಳೆತಕ್ಕೇ ಸೋರೆಯ ಸಿಪ್ಪೆ ಕೆತ್ತಿ ಬಿಳಿ ತಿರುಳು ತೋರಿಸಿತು. ಮಾಬೂಬಕ್ಕ “ಯಾ ಅಲ್ಲಾ” ಎಂದು ಕಣ್ಣು ಮುಚ್ಚಿದಳು. ಹೊಸದು ಸೋರೆಯ ಮೇಲೆಲ್ಲ ಓಡಾಡಿ ಬಂದರೂ ಒಂದು ಗೀರಿಲ್ಲ. ಹೊಸದೇ ಸರಿ ಎಂದು ನಾವಿಬ್ಬರೂ ತೀರ್ಮಾನಿಸಿ ಆ ಸೋರೆಯನ್ನೇ ಪಲ್ಯ ಮಾಡಿದೆವು.

ಆದರೆ ಸೋರೆಕಾಯಿಗೆ ತಿಂಗಳಾನುಗಟ್ಟಲೆ ಬೆಳೆದ ಗಡ್ಡ ಇರುವುದಿಲ್ಲವಲ್ಲ!

ಶನಿವಾರ ಬೆಳಿಗ್ಗೆ ಮಾಬೂಬಕ್ಕ ಸಾಬರನ್ನು ಹಿತ್ತಲಲ್ಲಿ ಕೂರಿಸಿದಳು. ಕನ್ನಡಿ ಹಿಡಿಯುವ ಕೆಲಸ ನನ್ನದು. ಕತ್ತರಿಯಲ್ಲಿ ಕತ್ತರಿಸಿದ ಮೇಲೂ ಬುಡದ ಕೂದಲು ಗೋಧಿಯ ಕೂಳೆಯಷ್ಟು ಒರಟು. ಹೊಸ ರೇಜರ್ ಬಲಗೆನ್ನೆಯಲ್ಲಿ ಒಂದು ಬೆರಳು ಜಾರುವಷ್ಟರಲ್ಲಿ ಕೂದಲು, ಸೋಪು ತುಂಬಿ ಕಟ್ಟಿಕೊಂಡಿತು. ತೊಳೆದು ಎಳೆದರೆ ಕತ್ತರಿಸುವ ಬದಲು ಕಿತ್ತಿತು. ಸಾಬರ ಕಣ್ಣಲ್ಲಿ ನೀರು. ಮಾಬೂಬಕ್ಕ ಅದನ್ನು ಪಕ್ಕಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಹಳೆಯದನ್ನೇ ಎತ್ತಿಕೊಂಡಳು.

ಹಲ್ಲಿನ ಉಪಯೋಗ ಆಗ ಗೊತ್ತಾಯಿತು. ಬಾಚಣಿಗೆ ಕೂದಲನ್ನು ಎತ್ತಿ ಬ್ಲೇಡಿಗೆ ಕೊಟ್ಟ ಹಾಗೆ ಬಲಗೆನ್ನೆ, ಕತ್ತು ಎಲ್ಲ ಸರಸರನೆ ಬಯಲಾಯಿತು. ಸಾಬರ ಮುಖದಲ್ಲಿ ಗೆಲುವು ಬಂತು. ನಾನು ಕನ್ನಡಿಯ ಹಿಂದಿನಿಂದ ಭೇಷ್ ಎಂದೆ. ಮಾಬೂಬಕ್ಕ ಎಡಗೆನ್ನೆಗೆ ಕೈ ತಂದಳು.

ಸಾಬರ ಎಡಗೈ ಮೇಲೆದ್ದು ಅವಳ ಮಣಿಕಟ್ಟು ಹಿಡಿಯಿತು. “ಕಲಾಯಿ,” ಎಂದರು.

“ಹೂಂ ಹೂಂ, ಆಯ್ತು, ಇನ್ನೊಂದೀಟು,” ಎಂದಳು ಆಕೆ, ನಾವೆಲ್ಲ ಆ ಮಾತಿಗೆ ಯಾವಾಗಲೂ ಹೇಳುವ ಹಾಗೆ.

“ಕಲಾಯಿ! ಕಲಾಯಿ!” ಕೈ ಬಿಟ್ಟು ಅಂಗೈಯನ್ನು ಮಗುಚಿ ಮಗುಚಿ ತೋರಿಸಿದರು. ಈ ಕಡೆ, ಆ ಕಡೆ. ಸಾಕು, ನಡೆ ಆಚೆಗೆ ಎಂದು ಅಟ್ಟುವ ಹಾಗೆಯೇ ನನಗೂ ಕಂಡಿತು. ಆಕೆ ಮತ್ತೆ ರೇಜರ್ ತಂದಾಗ ಅವರು ಮುಖವನ್ನೇ ತಿರುಗಿಸಿಬಿಟ್ಟರು.

ಮಾಬೂಬಕ್ಕ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ನೆಲಕ್ಕೆ ಕೂತು ಅತ್ತಳು. “ನೋಡಿದ್ಯಾ ಭಾಗ್ಯ? ಮಾತು ಹೋತು, ಕೈ ಹೋತು, ನನ್ನ ಮ್ಯಾಲಿನ ಸಿಟ್ಟು ಮಾತ್ರ ಹೋಗ್ಲಿಲ್ಲ. ಸುಟ್ಟ ಕೈಲಿ ಮುಟ್ಬ್ಯಾಡ ಅಂತಾರೆ.” ನನಗೂ ಸಾಬರ ಮೇಲೆ ಕೆಂಡದಂಥ ಕೋಪ ಬಂತು. ಅರ್ಧ ನುಣುಪು ಅರ್ಧ ಒರಟು ಮುಖ ಹೊತ್ತು ಕೂತಿರಲಿ ಬಿಡು, ಮೊಮ್ಮಗಳ ಮದುವೆಗೆ ನಾವೇ ಹೋಗಿ ಬರೋಣ ಎಂದು ಹೇಳಿ ಹೊಲಿಗೆಗೆ ಹೊರಟುಬಂದೆ.

ಮುಂದಿನದು ನಾನು ಕಂಡದ್ದಲ್ಲ, ಆಕೆ ಹೇಳಿದ್ದು.

ಮಧ್ಯಾಹ್ನ ಪಾತ್ರೆ ತೊಳೆಯುವಾಗ ರೇಜರನ್ನೂ ಬಿಚ್ಚಿ ತೊಳೆದಳಂತೆ. ಅಮ್ಜದ್ ಹೇಳಿದ ಕಿಲುಬು ಕಣ್ಣಿಗೆ ಬಿತ್ತು. ತಟ್ಟೆಯ ಒಂದು ಕಡೆ ಹಲ್ಲು ಹಲ್ಲಾಗಿಯೇ ಇದೆ, ಇನ್ನೊಂದು ಕಡೆ ಸಂದುಗಳೆಲ್ಲ ಮುಚ್ಚಿಕೊಂಡಿವೆ. ಅಳುತ್ತಲೇ ಹೇರ್‌ಪಿನ್ನಿನಿಂದ ಕೆರೆದಳು. ಕಿಲುಬಾದರೆ ಪುಡಿಯಾಗಿ ಉದುರಬೇಕು, ಉದುರಲಿಲ್ಲ. ಕೆರೆದ ಕಡೆ ಬೆಳ್ಳಗೆ ಹೊಳೆಯಿತು. ಬೆರಳಾಡಿಸಿದಳು. ಎಲ್ಲೂ ಗಂಟಿಲ್ಲ, ಏರುಪೇರಿಲ್ಲ, ಹತ್ತಿಯಲ್ಲಿ ಒಂದೇ ಬೀಸಿಗೆ ಒರೆಸಿದ ನುಣುಪು. ಜೀವಮಾನವೆಲ್ಲ ತಿದಿ ಒತ್ತಿದವಳಿಗೆ ಅದು ಏನು, ಯಾರ ಕೈಯದು ಎಂದು ಬೇರೆಯವರು ಹೇಳಬೇಕೆ? ಕಲೆಯ ಉಬ್ಬಿಗೆ ಹಲ್ಲು ತಾಗಿ ಬ್ಲೇಡು ಕೊಯ್ಯಬಾರದೆಂದು ಸಾಬರು ಒಂದು ಕಡೆಯ ಹಲ್ಲಿಗೆ ತವರ ತುಂಬಿಸಿಕೊಂಡಿದ್ದರು. ಬಲಗೆನ್ನೆಗೆ ಹಲ್ಲಿನ ಕಡೆ, ಎಡಗೆನ್ನೆಗೆ ಕಲಾಯಿ ಕಡೆ. ಅಂಗೈ ಮಗುಚಿ ತೋರಿಸಿದ್ದು ರೇಜರನ್ನು ಮಗುಚು ಎಂದು. ಬೆಳಗಿನಿಂದ ಅವರು ಸರಿಯಾಗಿಯೇ ಮಾತಾಡುತ್ತಿದ್ದರು. ನೀರಿಗೂ ಬೆಕ್ಕಿಗೂ ಅದೇ ಮಾತು ಕೇಳಿ ಕೇಳಿ ನಮ್ಮ ಕಿವಿ ಮಂದವಾಗಿತ್ತು.

ಮಾರನೆಯ ದಿನ ಸಾಬರು ಹರಿಹರದ ಶಾದಿಮಹಲಿನಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಖತ್ ಒಂದು ಕಡೆ ತುಸು ಸೊಟ್ಟ, ಹೊಲಿಗೆಯವಳ ಕಣ್ಣಿಗೆ ತಪ್ಪಿಸಿಕೊಳ್ಳಲಾಗುವುದಿಲ್ಲ. ಈಗ ವಾರವಾರ ಬೆಳೆದಷ್ಟೇ ಕೂದಲು, ಅದಕ್ಕೆ ಮಾಬೂಬಕ್ಕ ಅಮ್ಜದ್‌ನ ಹೊಸ ರೇಜರನ್ನೇ ಹಿಡಿಯುತ್ತಾಳೆ, ಅವಳ ಕೈಗೆ ಅದೇ ಸಲೀಸು. ಎಡಗೆನ್ನೆಗೆ ಮಾತ್ರ ಹಳೆಯದು. ಹೊಸದರಲ್ಲೂ ಆಗುತ್ತದಲ್ಲ ಎಂದು ನಾನು ಕೇಳಿದರೆ ಹಳೆಯದನ್ನು ಸೆರಗಿನಲ್ಲಿ ಒರೆಸಿ ಎತ್ತಿಡುತ್ತಾಳೆ.

ನಾನು ಹೇಳಬೇಕೆಂದದ್ದು ಆ ಶನಿವಾರ ಸಂಜೆಯದು. ಮಾಬೂಬಕ್ಕ ಹಿತ್ತಲಿಗೆ ಹೋಗಿ ರೇಜರಿನ ಮುಚ್ಚಿದ ಕಡೆಯನ್ನು ಗಂಡನಿಗೆ ತೋರಿಸಿದಳು. ಅವರು ಅಬ್ಬಾ ಎನ್ನುವ ಹಾಗೆ ಉಸಿರು ಬಿಟ್ಟು ಎಡಗೆನ್ನೆ ಕೊಟ್ಟರು. ಮದುವೆಯಾದ ಮೊದಲ ವರ್ಷದಿಂದ ಈಚೆಗೆ ಆಕೆ ಆ ಕಲೆಯನ್ನು ಹತ್ತಿರದಿಂದ ಕಂಡಿರಲಿಲ್ಲ. ಒಂದು ಗೀರೂ ಬೀಳದ ಹಾಗೆ ಕೆಲಸ ಮುಗಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಒರೆಸುತ್ತ ಕೇಳಿಯೇಬಿಟ್ಟಳು.

“ಇಷ್ಟು ವರ್ಷ ನನ್ನ ಮ್ಯಾಲೆ ಸಿಟ್ಟಿತ್ತೇನ್ರಿ? ಅದ್ಕೇನಾ ಈ ಕಡೆ ಮುಟ್ಟಕ್ಕೆ ಕೊಡ್ಲಿಲ್ಲ?”

ಸಾಬರು ಗಾಬರಿಯಾಗಿ ಅವಳನ್ನೇ ನೋಡಿದರು. ಇಲ್ಲ ಎಂದು ತಲೆ ಅಲ್ಲಾಡಿಸಿದರು, ಅಷ್ಟು ಸಾಲದೆಂದು ಮತ್ತೆ ಅಲ್ಲಾಡಿಸಿದರು. ಆಮೇಲೆ ಎಡಗೈಯಿಂದ ತಮ್ಮ ಕಲೆಯನ್ನು ಮುಟ್ಟಿ ತೋರಿಸಿ, ಅದೇ ಅಂಗೈಯನ್ನು ಮೆಲ್ಲಗೆ ತಂದು ಅವಳ ಎರಡೂ ಕಣ್ಣುಗಳನ್ನು ಮುಚ್ಚಿದರು.

ನೀನು ಇದನ್ನು ನೋಡದಿರಲಿ ಎಂದು. ನೋಡಿದಾಗಲೆಲ್ಲ ನಿನಗೆ ನೋವಾಗುತ್ತದೆ ಎಂದು.

ಆ ಅಂಗೈ ಕೆಳಗೇ ಮಾಬೂಬಕ್ಕ ಅತ್ತಳಂತೆ, ನಕ್ಕಳಂತೆ, ಕೈ ಸರಿಸಿ ಗಂಡನ ಮೊಣಕಾಲಿಗೆ ಒಂದು ಗುದ್ದು ಕೊಟ್ಟಳಂತೆ.

“ಬಾಯಿ ಇದ್ದಾಗ ಊರು ತುಂಬ ಕೂಗಿದ್ರಿ,” ಎಂದಳಂತೆ. “ಇದೊಂದು ಮಾತ್ನ ನನಗ ಹೇಳ್ಲಿಲ್ಲ ನೋಡ್ರಿ ನೀವು.”