ಪಥ್ಯ ಎಂದು ಮುಗಿಯಬೇಕಿತ್ತು?

...ಎಂಟು ದಿನ ಅಂದಿದ್ದರೋ, ‘ನಾ ಹೇಳೂತನಕ’ ಅಂದಿದ್ದರೋ? ಈಗ ಎರಡೂ ಡಾಕ್ಟರ ದನಿಯಲ್ಲೇ ಕೇಳಿಸುತ್ತವೆ. ಅಕ್ಕನ ಡಿಸ್ಚಾರ್ಜ್ ದಿನ ಅವರು ಪಥ್ಯ ಹೇಳುವಾಗ ನಾನು ಗಂಭೀರವಾಗಿ ತಲೆಯಾಡಿಸಿದ್ದು ಮಾತ್ರ ನೆನಪಿದೆ. (ಅದನ್ನೂ ಆಮೇಲೆ ಸೇರಿಸಿಕೊಂಡಿರಬಹುದು.)

ಗಂಗಕ್ಕ ನನ್ನ ಅಕ್ಕ. ಇಪ್ಪತ್ತು ವರ್ಷ ಕುಳಗೇರಿ ಕ್ರಾಸಿನಲ್ಲಿ ಖಾನಾವಳಿ ನಡೆಸಿ, ಲಾರಿ ಡ್ರೈವರುಗಳಿಗೆ ರೊಟ್ಟಿ ಬಡಿದವಳು. ಕರುಳಿನ ಕ್ಯಾನ್ಸರ್ ಆಪರೇಷನ್ ಆದಮೇಲೆ ಅವಳನ್ನು ಬಾಗಲಕೋಟೆಗೆ, ನನ್ನ ಮನೆಗೆ ಕರೆತಂದೆ. ಬೆಳಿಗ್ಗೆ ಗಂಜಿ. ಮಧ್ಯಾಹ್ನ ತಿಳಿಸಾರು. ಮತ್ತೆ ಗಂಜಿ. ಎದ್ದು ಕೂತರೆ, "ಏಳಬ್ಯಾಡ, ಮಲಕೋ." ನೀರಿನ ತಂಬಿಗೆಯನ್ನೂ ಕೈಗೇ ಕೊಟ್ಟೆ. ಇಂಥ ತಮ್ಮ ಯಾರಿಗಿದ್ದಾನೆ ಹೇಳಿ?

ಐದು ವಾರ ಕಳೆದು ತಪಾಸಣೆಗೆ ಹೋದೆವು.

"ಅಮ್ಮಾರ, ಕೈ ಊರದ ಕುರ್ಚಿಯಿಂದ ಏಳ್ರಿ" ಅಂದರು ಡಾಕ್ಟರು.

ಅಕ್ಕ ಏಳಲಿಲ್ಲ. ಏಳಲಾಗಲಿಲ್ಲ.

"ಏನ್ ಊಟಾ ಮಾಡ್ತೀರಿ?"

"ಗಂಜಿರಿ."

"ಇನ್ನೂ?"

ಆ ‘ಇನ್ನೂ’ ಕೇಳಿದ್ದು ನನ್ನ ಕಡೆ ನೋಡಿ.

ಗಾಯ ಮಾಗಿದೆಯಂತೆ. ಆದರೆ ತೂಕ ಇಳಿದಿದೆ, ಕಾಲಿನ ಮಾಂಸ ಕರಗಿದೆ. ರೋಗದ್ದೂ ಪಾಲಿದೆ, ಕತ್ತರಿಯದ್ದೂ ಇದೆ. ಉಳಿದದ್ದು ಹೊಟ್ಟೆಗೆ ಸಾಲದ್ದರಿಂದ, ಮಲಗಿಯೇ ಇದ್ದದ್ದರಿಂದ. ಈ ಸ್ಥಿತಿಯಲ್ಲಿ ಕಿಮೋ ಕೊಟ್ಟರೆ ಮೈ ತಡೆಯುವುದಿಲ್ಲ. ಎರಡು ವಾರ ಬಿಟ್ಟು, ಶಕ್ತಿ ತುಂಬಿಕೊಂಡು ಬರಬೇಕು.

ದವಾಖಾನೆ ಬಾಗಿಲು ದಾಟಿದ ಮೇಲೆ ಅಕ್ಕ ಅಂದಳು: "ಲೇ, ಹೊಟ್ಟ್ಯಾಗಿನ ಗಡ್ಡಿ ತಗದಾಂವ ಅವ. ಕಾಲು ತಗದಾಂವ ನೀ."

ಮರುದಿನವೇ ಜೋಳದ ಹಿಟ್ಟು ತರಿಸಿದಳು. ಒಲೆಯ ಮುಂದೆ ಎತ್ತರದ ಸ್ಟೂಲು. ಅಡುಗೆಮನೆಯ ಆ ತುದಿಗೆ ರೊಟ್ಟಿ ಬುಟ್ಟಿ. ಒಂದು ರೊಟ್ಟಿ ಬೆಂದರೆ ಒಮ್ಮೆ ಏಳಬೇಕು, ಕೈ ಊರದೆ. ನಡೆದು ಹೋಗಿ ಬುಟ್ಟಿಗೆ ಹಾಕಬೇಕು. ಇದು ಅವಳದೇ ಕಾನೂನು. ಮೊದಲ ದಿನ ಎರಡು ರೊಟ್ಟಿಗೆ ಗೋಡೆ ಹಿಡಿದಳು. ನಾನು ಓಡಿದೆ.

"ಮುಟ್ಟಿದಿ ಅಂದ್ರ ಲಟ್ಟಣಿಗಿ ಬೀಳ್ತದ ನೋಡು!"

ನಿಂತಲ್ಲೇ ನಿಂತೆ. (ಕಷ್ಟ ಯಾವುದು ಗೊತ್ತೇ? ಸುಮ್ಮನೆ ನಿಲ್ಲುವುದು.) ಬೇಳೆ, ಮೊಸರು, ಮೊಟ್ಟೆ, ಮೆತ್ತನ್ನ ರೊಟ್ಟಿ. ಸಂಜೆ ಮೂಲೆಯ ಕಿರಾಣಿ ಅಂಗಡಿಯವರೆಗೆ ನಡಿಗೆ. ಹದಿನಾಲ್ಕನೆಯ ದಿನ ಬುಟ್ಟಿಯಲ್ಲಿ ಒಂಬತ್ತು ರೊಟ್ಟಿ.

ಮತ್ತೆ ತಪಾಸಣೆಗೆ ಹೋದಾಗ ಡಾಕ್ಟರ ಮುಂದಿನ ಕುರ್ಚಿಯಿಂದ ಅಕ್ಕ ಕೈ ಊರದೆ ಐದು ಸಲ ಎದ್ದಳು. ಯಾರೂ ಕೇಳದಿದ್ದರೂ ಆರನೆಯ ಸಲವೂ ಎದ್ದಳು. ಕಿಮೋ ಸೋಮವಾರದಿಂದ ಎಂದಾಯಿತು. ಆಗ ಅವಳು ಔಷಧಿ ಚೀಟಿಯನ್ನು ಡಾಕ್ಟರ ಮುಂದೆ ಸರಿಸಿದಳು: "ಯಾವ ಊಟ, ಎಷ್ಟು ದಿನ, ಬರದು ಕೊಡ್ರಿ ಸಾಹೇಬ್ರ. ಇವನ ಕಿವಿ ಮ್ಯಾಲೆ ನನಗ ಭರವಸಿ ಇಲ್ಲ."

ನಾನೂ ಧೈರ್ಯ ಮಾಡಿದೆ: "ಆವತ್ತು ಎಂಟು ದಿನ ಅಂದಿದ್ರೇನ್ರಿ?"

"ಅಂದಿರಬೇಕ್ರಿ" ಅಂದರು.

ಇರಬೇಕು! ಅವರಿಗೂ ನೆನಪಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಪಥ್ಯದಲ್ಲಿದ್ದರೆ, ಅದು ಮುಗಿಯುವ ದಿನ ಯಾವುದೆಂದು ಇವತ್ತೇ ಕೇಳಿ, ಬರೆಸಿಕೊಳ್ಳಿ.

ಅಕ್ಕನ ಶಕ್ತಿಯನ್ನು ಗಡ್ಡೆ ಎಷ್ಟು ತಿಂದಿತು, ನನ್ನ ಆರೈಕೆ ಎಷ್ಟು ತಿಂದಿತು? ನನಗೆ ಗೊತ್ತಿಲ್ಲ.