ಓದಿದ ಮೇಲೆಯೇ ಒತ್ತುವವರು

ಅಜ್ಜಂಪುರದ ಬಸ್ ಸ್ಟ್ಯಾಂಡ್ ಪಕ್ಕ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದವರೊಬ್ಬರು ಆಗಾಗ ನೆನಪಾಗುತ್ತಾರೆ. ಪರದೆಯ ಮೇಲೆ ಯಾವ ಎಚ್ಚರಿಕೆ ಬಂದರೂ ಅವರು ಮೌಸ್ ಬಿಟ್ಟು, ಕೈಕಟ್ಟಿ ಕೂತು, ಮದುವೆಯ ಕರೆಯೋಲೆಯಂತೆ ಅದನ್ನು ಪೂರ್ತಿ ಓದುತ್ತಿದ್ದರು. "ಮೊದ್ಲು ಓದ್ಬೇಕು ಕಣ್ರೀ, ಆಮೇಲೆ ಒತ್ಬೇಕು" ಎನ್ನುವುದು ದಿನಕ್ಕೆ ಹತ್ತು ಸಲ ಬರುವ ಮಾತು.

ಮಗಳ ಕಾಲೇಜಿನ ಅರ್ಜಿ ಹಾಕಿಸಲು ನಾನು ಏದುಸಿರು ಬಿಡುತ್ತ ಹೋದ ದಿನ 'ಈ ಸಂಪರ್ಕ ಸುರಕ್ಷಿತವಲ್ಲ' ಎಂದು ಬಂತು.

"ಇವತ್ತೇ ಕೊನೇ ದಿನ ಸಾರ್! ಏನಾದ್ರೂ ಆಗ್ಲಿ, ಮುಂದಕ್ಕೆ ಒತ್ತಿ" ಎಂದು ಕೂಗಿದೆ.

ಅವರು ಒತ್ತಲಿಲ್ಲ. ನಿಧಾನವಾಗಿ ಓದಿ, ಪರದೆಯ ಮೂಲೆಯ ತಾರೀಕಿನ ಮೇಲೆ ಬೆರಳಿಟ್ಟರು. ಒಳಗಿನ ಸೆಲ್ ಸತ್ತಿದ್ದರಿಂದ, ಬೆಳಗ್ಗೆ ಕರೆಂಟ್ ಹೋಗಿ ಬಂದಾಗ ಆ ಮಿಷನ್ನು ಹತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟಿತ್ತು.

"ತಾರೀಕು ತಪ್ಪಿದ್ರೆ ಇದು ಯಾರನ್ನೂ ನಂಬಲ್ಲ" ಎನ್ನುತ್ತ, ಗೋಡೆಯ ಕ್ಯಾಲೆಂಡರ್ ನೋಡಿ ಸರಿಮಾಡಿದರು. ಅರ್ಜಿಯ ಪುಟ ತೆರೆಯಿತು. ಅದನ್ನೂ ಕೈಕಟ್ಟಿಕೊಂಡೇ ಓದಿ, ನನ್ನತ್ತ ತಿರುಗಿದರು.

"ಕೊನೇ ದಿನ ನಾಳೆ ಕಣ್ರೀ. ಮಿಷನ್ನಿಗೆ ಹೊಸ ಸೆಲ್ ಹಾಕ್ತೀನಿ. ನಿಮ್ಗೆ ಒಂದು ಕಾಫಿ ತರಿಸ್ಲಾ?"