ಮೊಟ್ಟೆಗೆ ಕೈ ಹಾಕುವ ಹೊತ್ತು

ನಾನು ಹೂವಿನಹಡಗಲಿಯ ಮಗಳು, ಕೂಡ್ಲಿಗಿಯ ಸೊಸೆ. ಮದುವೆಯಾಗಿ ಬರುವವರೆಗೆ ಕೋಳಿಯನ್ನು ಮುಟ್ಟಿದವಳೇ ಅಲ್ಲ. ತವರಿನಲ್ಲಿ ನಮ್ಮದು ಮಲ್ಲಿಗೆ ತೋಟ. ನಸುಕಿಗೆದ್ದು ಮೊಗ್ಗು ಬಿಡಿಸುವುದು, ಬಸ್ಸು ಬರುವಷ್ಟರಲ್ಲಿ ಕಟ್ಟಿ ಮುಗಿಸುವುದು, ನನಗೆ ಗೊತ್ತಿದ್ದ ಕೆಲಸ ಅಷ್ಟೇ. ಕೂಡ್ಲಿಗಿಯ ಮನೆಯಲ್ಲಾದರೆ ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಕಾಲಿಗೆ ಸಿಗುತ್ತಿದ್ದದ್ದೇ ಕೋಳಿ.

ಕೋಳಿಗಳು ಅತ್ತೆಯವು. ಅವರು ಗುಡೇಕೋಟೆಯಿಂದ ಮದುವೆಯಾಗಿ ಬಂದಾಗ ಬುಟ್ಟಿಯಲ್ಲಿ ಎರಡು ಹೇಂಟೆ ಕೋಳಿ ಇಟ್ಟುಕೊಂಡು ಬಂದಿದ್ದರಂತೆ. ಕಪ್ಪು ಮೈ, ಕತ್ತಿನ ಸುತ್ತ ಜೇನಿನ ಬಣ್ಣ. ಆ ಎರಡರ ಮಕ್ಕಳು, ಮೊಮ್ಮಕ್ಕಳು, ಅವುಗಳ ಮರಿಗಳು ಎಂದು ಮೂವತ್ತು ವರ್ಷ ಆ ತಳಿ ಮನೆಯಲ್ಲಿ ನಡೆದುಕೊಂಡು ಬಂದಿತ್ತು. ಮಾತು ಕಡಿಮೆಯ ಹೆಂಗಸು ಅವರು. ನನ್ನ ಜೊತೆ ಆಡುವ ಮಾತಿಗಿಂತ ಕೋಳಿಗಳ ಜೊತೆ ಆಡುವ ಮಾತೇ ಹೆಚ್ಚು ಎಂದು ಮೊದಲ ವರ್ಷ ನನಗೆ ಒಳಗೊಳಗೇ ಬೇಜಾರಿತ್ತು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ, ಊರಿನ ಕೋಳಿಗಳಿಗೆಲ್ಲ ಬೇನೆ ಬಂತು. ಒಂದು ಹೇಂಟೆ ರೆಕ್ಕೆ ಇಳಿಬಿಟ್ಟು ಮೂಲೆಗೆ ಕೂತಿತು, ಮರುದಿನ ಕತ್ತು ತಿರುಚಿಕೊಂಡು ಬಿದ್ದಿತ್ತು. ಐದು ದಿನದಲ್ಲಿ ಮನೆಯಲ್ಲಿದ್ದ ಹನ್ನೊಂದು ಕೋಳಿಗಳೂ ಹೋದವು. ಅತ್ತೆ ಅಳಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ ಒಂದೊಂದನ್ನೇ ಮಣ್ಣು ಮಾಡಿದರು, ಖಾಲಿ ಬುಟ್ಟಿಗಳನ್ನು ಬಿಸಿಲಿಗೆ ಹಾಕಿದರು, ಕೈ ತೊಳೆದು ಬಂದು ಗೋಡೆಗೊರಗಿ ಕೂತರು. ಆ ದಿನ ಊಟಕ್ಕೆ ಏಳಲಿಲ್ಲ.

ಜೋಳದ ಮಡಕೆಯೊಳಗೆ ಹದಿನಾಲ್ಕು ಮೊಟ್ಟೆ ಉಳಿದಿದ್ದವು. ಬೇನೆ ಬರುವ ಮೊದಲೇ ಇಟ್ಟವು. ಕಾವು ಕೂರಿಸಲು ಹೇಂಟೆ ಇಲ್ಲ. ಎರವಲು ತರೋಣವೆಂದರೆ ಓಣಿಯಲ್ಲಿ ಯಾರ ಮನೆಯಲ್ಲೂ ಇಲ್ಲ. ಬೇಯಿಸಿ ತಿಂದು ಮುಗಿಸಿಬಿಡು ಎಂದರು ಅತ್ತೆ. ನನಗೆ ಮನಸ್ಸಾಗಲಿಲ್ಲ.

ಪಕ್ಕದ ಮನೆಯಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಒಬ್ಬ ಸಾಹೇಬರಿದ್ದರು. ನಾವು ಚಾಚಾ ಎನ್ನುತ್ತಿದ್ದೆವು. ಹೊಸಪೇಟೆ ಕಡೆ ಯಾವುದೋ ಕೋಳಿ ಫಾರಮ್ಮಿಗೆ ಮೋಟಾರು ರಿಪೇರಿಗೆ ಹೋದಾಗ ಮರಿ ಮಾಡುವ ಪೆಟ್ಟಿಗೆ ನೋಡಿದ್ದೆ ಎಂದು ಹಿಂದೊಮ್ಮೆ ಹೇಳಿದ್ದರು. ಅವರನ್ನೇ ಕೇಳಿದೆ. ಒಂದೇ ಮಧ್ಯಾಹ್ನದಲ್ಲಿ ಹಣ್ಣಿನ ಮರದ ಪೆಟ್ಟಿಗೆಗೆ ಒಳಗೆ ಥರ್ಮಾಕೋಲು ಬಡಿದು, ಎರಡು ಬಲ್ಬು ಕೂರಿಸಿ, ಮೇಲೆ ಗಾಜಿನ ಮುಚ್ಚಳ ಇಟ್ಟು ಕೊಟ್ಟರು. ಕಾವು ನೋಡಲು ಜ್ವರದ ಕಡ್ಡಿ. ಅದು ನೂರರ ಹತ್ತಿರ ನಿಲ್ಲಬೇಕು, ಹೆಚ್ಚಾದರೆ ಮುಚ್ಚಳ ಸರಿಸು, ಕಡಿಮೆಯಾದರೆ ಇನ್ನೊಂದು ಬಲ್ಬು ಹಾಕು ಎಂದರು. ಜ್ವರದ ಕಡ್ಡಿ ಒಮ್ಮೆ ಏರಿದರೆ ತಾನಾಗಿ ಇಳಿಯುವುದಿಲ್ಲ. ಪ್ರತಿ ಸಲವೂ ಝಾಡಿಸಿ ಝಾಡಿಸಿ ನನ್ನ ಮಣಿಕಟ್ಟು ನೋಯುತ್ತಿತ್ತು.

ಮೊಟ್ಟೆಯ ಒಂದು ಬದಿಗೆ ಇದ್ದಿಲಿನಿಂದ ಗೆರೆ ಎಳೆದು ದಿನಕ್ಕೆ ನಾಲ್ಕು ಸಲ ಹೊರಳಿಸಿದೆ. ವಾರದ ಮೇಲೆ ಕತ್ತಲೆ ಮೂಲೆಯಲ್ಲಿ ಬ್ಯಾಟರಿ ಬೆಳಕಿಗೆ ಹಿಡಿದು ನೋಡಿದೆ. ನಾಲ್ಕು ಬರಿದಾಗಿದ್ದವು. ಹತ್ತರಲ್ಲಿ ಕೆಂಪು ನೂಲಿನಂಥ ನರಗಳು, ನಡುವೆ ಮಿಡಿಯುವ ಒಂದು ಚುಕ್ಕಿ. ಅತ್ತೆಯನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ ಎದ್ದು ಹೋದರು. ಆಮೇಲೆ ಕರೆಂಟು ಹೋದಾಗಲೆಲ್ಲ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ತಂದು ಕೊಡುವುದು ಅವರೇ ಆಯಿತು. ನಡುಹಗಲಲ್ಲಿ ನಮ್ಮ ಊರಿನ ಬಿಸಿಲಿಗೆ ಬಲ್ಬೇ ಬೇಕಾಗುತ್ತಿರಲಿಲ್ಲ. ಒಣಗಾಳಿಯದೇ ಚಿಂತೆ. ತೇವಕ್ಕೆಂದು ಪೆಟ್ಟಿಗೆಯೊಳಗೆ ಬಟ್ಟಲಲ್ಲಿ ಇಟ್ಟ ನೀರು ಸಂಜೆಗೆ ಅರ್ಧ ಆಗಿರುತ್ತಿತ್ತು.

ಇಪ್ಪತ್ತನೆಯ ದಿನ ಬೆಳಿಗ್ಗೆ ಒಂದು ಮೊಟ್ಟೆಗೆ ನಕ್ಷತ್ರದಂಥ ಬಿರುಕು ಬಿತ್ತು. ಒಳಗಿನಿಂದ ಚಿಂವ್ ಎಂಬ ದನಿ. ಪೆಟ್ಟಿಗೆಯ ಮುಂದೆ ಕೂತೆ. ಒಂದು ತಾಸು, ಎರಡು ತಾಸು, ಮೂರು ತಾಸು. ಬಿರುಕು ಅಷ್ಟೇ ಇತ್ತು. ಮರಿ ಕೂಗುತ್ತಲೇ ಇತ್ತು. ನನಗೆ ಅದು ಸಹಾಯಕ್ಕೆ ಕರೆದಂತೆ ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಮೊಟ್ಟೆಯನ್ನು ಕೈಗೆ ತೆಗೆದುಕೊಂಡು ಉಗುರಿನಿಂದ ಚಿಪ್ಪು ಬಿಡಿಸಿದೆ, ಒಳಗಿನ ಬಿಳಿ ಪೊರೆಯನ್ನು ಎಳೆದೆ. ರಕ್ತ ಜಿನುಗಿತು. ಸ್ವಲ್ಪವೇ ಎಂದುಕೊಂಡೆ, ಆದರೆ ನಿಲ್ಲಲಿಲ್ಲ. ಮರಿಯ ಹೊಟ್ಟೆಗೆ ಮೊಟ್ಟೆಯ ಹಳದಿ ಇನ್ನೂ ಅಂಟಿಕೊಂಡೇ ಇತ್ತು. ಸಂಜೆಗೆ ಸತ್ತುಹೋಯಿತು.

ಅತ್ತೆ ನನ್ನನ್ನು ಬೈಯಬಹುದಿತ್ತು. ಸತ್ತ ಮರಿಯನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಮೆಲ್ಲಗೆ ಹೇಳಿದರು:

"ಕೋಳಿ ಯಾವತ್ತರ ತತ್ತಿ ಒಡದು ಮರಿ ತೆಗದಿದ್ದು ನೋಡಿಯೇನು? ಸುಮ್ನ ಕೂತಿರತೈತಿ. ಹೊರಗ ಬರಾಕ ಶಕ್ತಿ ಇಲ್ಲದ್ದು, ಹೊರಗ ಬಂದ್ರೂ ಬದುಕಲ್ಲ."

ಇನ್ನು ಕೈ ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ಆ ಮರಿ ಶಕ್ತಿಯಿಲ್ಲದೆ ಸತ್ತಿತೋ, ನನ್ನ ಉಗುರಿನಿಂದ ಸತ್ತಿತೋ ತಿಳಿಯದೆ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಇನ್ನೂ ಮೂರು ಮೊಟ್ಟೆಗೆ ಬಿರುಕು ಬಿದ್ದಿತ್ತು. ಅತ್ತೆಯನ್ನು ಪೆಟ್ಟಿಗೆಗೆ ಕಾವಲು ಕೂರಿಸಿ ದನದ ಆಸ್ಪತ್ರೆಗೆ ನಡೆದೆ. ಎಮ್ಮೆ ಹಿಡಿದುಕೊಂಡು ನಿಂತ ಗಂಡಸರ ನಡುವೆ ಕೋಳಿಮೊಟ್ಟೆಯ ಮಾತೆತ್ತಲು ನಾಚಿಕೆಯಾಯಿತು. ಡಾಕ್ಟರು ನಗಲಿಲ್ಲ. ಕುರ್ಚಿ ತೋರಿಸಿ ಕೂರಿಸಿ, ಹಿಂದಿನ ದಿನ ನಡೆದದ್ದನ್ನೆಲ್ಲ ಕೇಳಿಸಿಕೊಂಡರು.

"ತೂತು ಬಿದ್ರ ಮರಿ ತಯಾರಾಗೈತಿ ಅಂತ ಅಲ್ಲಮ್ಮ," ಎಂದರು. "ಅದು ಉಸಿರಾಡಾಕ ಮಾಡಿಕೊಂಡ ಕಿಟಕಿ ಅಷ್ಟ. ಪೊರಿಯಾಗಿನ ರಕ್ತ, ಹಳದಿ ಎಲ್ಲಾ ಒಳಗ ಎಳಕೋಬೇಕು. ಅದಕ್ಕ ಒಂದು ದಿನ ಹಿಡೀತೈತಿ. ಅಲ್ಲಿತನ ಮುಟ್ಟಬ್ಯಾಡ್ರಿ."

ಒಂದು ದಿನ ಕಳೆದರೂ ಬರದಿದ್ದರೆ ಎಂದು ಕೇಳಿದೆ. ಆಗ ಪೊರೆ ನೋಡಿ ಎಂದರು. ಬಿಳಿಯಾಗಿ ಹಸಿಯಾಗಿದ್ದರೆ ಕಾಯಬೇಕು. ಕಂದಾಗಿ, ಒಣಗಿ, ಮರಿಗೆ ಅಂಟಿಕೊಂಡಿದ್ದರೆ ಅದು ತಿರುಗಲಾರದೆ ಸಿಕ್ಕಿಕೊಂಡಿದೆ ಎಂದು ಅರ್ಥ. ಉಗುರುಬೆಚ್ಚಗಿನ ನೀರಿನಿಂದ ಪೊರೆ ಒದ್ದೆ ಮಾಡಿದರೆ ಒಳಗಿನ ನರ ಕಾಣುತ್ತದೆ. ಒಂದೇ ಒಂದು ಕೆಂಪು ಗೆರೆ ಕಂಡರೂ ಕೈ ತೆಗೆದುಬಿಡಬೇಕು. ಇಷ್ಟನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದೆ.

ಆ ದಿನವೂ ಮರುದಿನ ಬೆಳಗಿನವರೆಗೂ ನಾನು ಮಾಡಿದ ಕೆಲಸವೆಂದರೆ ಏನೂ ಮಾಡದೆ ಇದ್ದದ್ದು. ಮೊಗ್ಗು ಕಟ್ಟುವವರಿಗೆ ಬೆರಳು ಸುಮ್ಮನಿರುವುದಿಲ್ಲ. ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ಕೂತಿದ್ದೆ. ಒಂದು ಮರಿ ಬಿರುಕು ಬಿದ್ದು ಇಪ್ಪತ್ತು ತಾಸಿನ ಮೇಲೆ ಇದ್ದಕ್ಕಿದ್ದಂತೆ ಒಳಗೇ ತಿರುಗತೊಡಗಿತು. ಯಾರೋ ಕತ್ತರಿಯಿಂದ ಸುತ್ತ ಕತ್ತರಿಸಿದ ಹಾಗೆ ಚಿಪ್ಪು ಬಿಚ್ಚಿಕೊಳ್ಳುತ್ತ ಬಂತು, ಟೋಪಿ ತೆಗೆದಂತೆ ಒಂದು ತುದಿ ಕಳಚಿತು, ಮರಿ ಜಾರಿ ಹೊರಬಿತ್ತು. ಹೀಗೆ ಆರು ಮರಿ ತಾವಾಗಿಯೇ ಬಂದವು. ಯಾವುದಕ್ಕೂ ಒಂದು ಹನಿ ರಕ್ತ ಇರಲಿಲ್ಲ. ಎರಡು ಮೊಟ್ಟೆ ಕಡೆಯವರೆಗೂ ಬಿರುಕೇ ಬಿಡಲಿಲ್ಲ.

ಉಳಿದದ್ದು ಒಂದು. ನಾನು ಆಸ್ಪತ್ರೆಗೆ ಹೊರಡುವ ಮೊದಲೇ ಬಿರುಕು ಬಿಟ್ಟಿದ್ದ ಮೂರರಲ್ಲಿ ಒಂದು. ಈಗ ಮರುದಿನದ ನಡುಹಗಲು. ಅವರೆಕಾಳಿನಷ್ಟು ತೂತು, ತೂತಿನಲ್ಲಿ ಕೊಕ್ಕಿನ ತುದಿ. ಮೈ ಒಣಗಿದ ಮರಿಗಳನ್ನು ಹೊರಗೆ ತೆಗೆಯಲು ನಾನು ಮೇಲಿಂದ ಮೇಲೆ ಮುಚ್ಚಳ ತೆಗೆದಿದ್ದೆ. ಹಾಳು ಬಿಸಿಗಾಳಿ ಒಳಗೆ ನುಗ್ಗಿತ್ತು. ತೂತಿನ ಅಂಚಿನ ಪೊರೆ ಹಳೆಯ ಕಾಗದದ ಹಾಗೆ ಕಂದಾಗಿ ಕೊಕ್ಕಿಗೆ ಅಂಟಿತ್ತು. ದನಿ ಕ್ಷೀಣವಾಗಿತ್ತು, ಕಿವಿಗೆ ಹಿಡಿದರೆ ಮಾತ್ರ ಕೇಳಿಸುತ್ತಿತ್ತು.

"ಅತ್ತಿ, ಇದಕ್ಕ ಕೈ ಹಾಕ್ತೀನ್ರಿ," ಎಂದೆ.

"ಬ್ಯಾಡ ಅಂದೀನಿ."

"ಇದಕ್ಕ ಶಕ್ತಿ ಇಲ್ಲ ಅಂತ ಅಲ್ರಿ. ನಾ ಮುಚ್ಚಳ ತೆಗದು ಒಣಗಿಸೀನಿ. ನನ್ನ ತಪ್ಪಿಗೆ ಇದು ಸಾಯೋದು ಬ್ಯಾಡ."

ಅತ್ತೆ ನನ್ನ ಮುಖ ನೋಡಿದರು. ಎದುರಾಡಿದ್ದು ಅದೇ ಮೊದಲು. ಎದ್ದು ಒಳಗೆ ಹೋದರು. ಸಿಟ್ಟಾದರು ಎಂದುಕೊಂಡೆ. ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು, ತಮ್ಮ ಹಳೆಯ ಸೀರೆಯ ಮೆತ್ತನೆಯ ತುಂಡು ತಂದು ಪಕ್ಕಕ್ಕಿಟ್ಟು, ಮೊಟ್ಟೆಯನ್ನು ತಮ್ಮ ಎರಡೂ ಅಂಗೈಗಳಲ್ಲಿ ಹಿಡಿದು ಕೂತರು.

ಅಕ್ಕಿಕಾಳಿನಷ್ಟು ಚಿಪ್ಪು ತೆಗೆಯುವುದು, ಒದ್ದೆ ಬಟ್ಟೆ ತಾಗಿಸುವುದು, ನೋಡುವುದು. ಕೆಂಪಿಲ್ಲ. ಮತ್ತೊಂದು ಚೂರು. ಮೊಗ್ಗಿಗೆ ನೋವಾಗದ ಹಾಗೆ ತೊಟ್ಟು ಹಿಡಿಯುವ ಬೆರಳುಗಳು ನನ್ನವು. ಅವುಗಳ ಬೆಲೆ ನನಗೆ ತಿಳಿದದ್ದು ಆ ಹೊತ್ತಿನಲ್ಲಿ. ಮೂಗಿನ ಹೊಳ್ಳೆ ಬಿಡಿಸಿಕೊಟ್ಟೆ. ಮೊಟ್ಟೆಯ ಸುತ್ತ ಕಾಲುಭಾಗ ಚಿಪ್ಪು ಬಿಡಿಸಿದ ಮೇಲೆ ಒದ್ದೆ ಪೊರೆಯಡಿ ಕೂದಲೆಳೆಯಷ್ಟು ಕೆಂಪು ಗೆರೆ ಕಂಡಿತು. ಕೈ ತೆಗೆದೆ. ಇನ್ನೇನು ಮುಗಿಯಿತಲ್ಲ, ತೆಗೆದುಬಿಡು ಎಂದು ಈಗ ಅತ್ತೆಯೇ ಅವಸರ ಮಾಡಿದರು. ನಾನು ಕೇಳಲಿಲ್ಲ. ಒದ್ದೆ ಬಟ್ಟೆ ಸುತ್ತಿ, ತೂತಿನ ಕಡೆ ಬಿಟ್ಟು, ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದೆ. ಎರಡು ತಾಸು ಯಾರೂ ತೆಗೆಯಬಾರದು ಎಂದೆ. ಇಬ್ಬರೂ ಅಲ್ಲೇ ಕೂತೆವು. ಆ ಎರಡು ತಾಸಿನಲ್ಲಿ ಅತ್ತೆ ನನಗೆ ತಮ್ಮ ಗುಡೇಕೋಟೆಯ ಮನೆಯ ಕತೆ ಹೇಳಿದರು. ಎರಡು ವರ್ಷದಲ್ಲಿ ಆಡದಷ್ಟು ಮಾತು ಆಡಿದರು.

ಮತ್ತೆ ತೆಗೆದಾಗ ಕೆಂಪು ಗೆರೆ ಬತ್ತಿತ್ತು. ಸುತ್ತಲೂ ಚಿಪ್ಪು ಸಡಿಲಿಸಿ ಟೋಪಿಯಷ್ಟು ತೆಗೆದೆ. ಅಲ್ಲಿಗೆ ನಿಲ್ಲಿಸಿದೆ. ಕಾಲು ಝಾಡಿಸಿ ಹೊರಬರುವುದು ಅದರ ಕೆಲಸ. ಸಂಜೆ ನಾಲ್ಕರ ಸುಮಾರಿಗೆ ಒದ್ದು ಹೊರಬಂತು. ಅತ್ತೆ ಮೊದಲು ಹೊಕ್ಕುಳ ನೋಡಿದರು, ಒಣಗಿ ಮುಚ್ಚಿಕೊಂಡಿತ್ತು. ಆಮೇಲೆ ಕಾಲು ನೋಡಿದರು, ನೆಟ್ಟಗಿದ್ದವು.

"ಬದುಕತೈತಿ," ಎಂದರು ಅಷ್ಟೇ.

ಬದುಕಿತು. ಏಳು ಮರಿಗಳಲ್ಲಿ ನಾಲ್ಕು ಹೇಂಟೆ. ಮಳೆಗಾಲ ಮುಗಿಯುವಷ್ಟರಲ್ಲಿ ಕತ್ತಿನ ಸುತ್ತ ಜೇನಿನ ಬಣ್ಣ ಮೂಡಿತು. ಗುಡೇಕೋಟೆಯ ತಳಿ ಉಳಿಯಿತು. ಉಳಿಸಿದವಳು ನಾನು ಎಂದು ಹೇಳಿಕೊಳ್ಳಲು ಈಗಲೂ ನನಗೆ ಸಂಕೋಚವಿಲ್ಲ.

ಸುದ್ದಿ ಹರಡಿತು. ಕೊಟ್ಟೂರಿನಿಂದ, ಹಗರಿಬೊಮ್ಮನಹಳ್ಳಿಯಿಂದ ಹೆಂಗಸರು ಬಂದು ಪೆಟ್ಟಿಗೆ ನೋಡಿದರು; ಚಾಚಾ ಅಂಥವೇ ನಾಲ್ಕಾರು ಮಾಡಿಕೊಟ್ಟರು. ಬಿರುಕು ಬಿಟ್ಟ ಮೊಟ್ಟೆಯನ್ನು ಹತ್ತಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಓಡಿ ಬರುವವರೂ ಇದ್ದರು. ಅವರಲ್ಲಿ ಹೆಚ್ಚಿನವರನ್ನು ನಾನು ಹಾಗೆಯೇ ವಾಪಸು ಕಳಿಸಿದ್ದೇನೆ. ಇನ್ನೂ ಹೊತ್ತಾಗಿಲ್ಲ, ಬೆಚ್ಚಗಿಡಿ, ತೇವ ನೋಡಿಕೊಳ್ಳಿ, ಮುಟ್ಟಬೇಡಿ ಎಂದರೆ ಕೆಲವರಿಗೆ ಸಮಾಧಾನ ಆಗುತ್ತಿರಲಿಲ್ಲ. ಈಕೆಗೆ ಈ ಕೆಲಸ ಬರುವುದಿಲ್ಲ ಎಂದವರೂ ಉಂಟು. ನಾನು ಕೈ ಹಾಕಿದ ಮೊಟ್ಟೆಗಳನ್ನು ಬೆರಳಲ್ಲಿ ಎಣಿಸಬಹುದು. ಅವುಗಳಲ್ಲೂ ಎರಡು ಉಳಿಯಲಿಲ್ಲ. ತಾವಾಗಿ ಬರಲಿ ಎಂದು ಬಿಟ್ಟವುಗಳ ಲೆಕ್ಕ ನನ್ನಲ್ಲಿಲ್ಲ.

ಕೆಲವು ವರ್ಷಗಳ ಮೇಲೆ, ಮನೆಗೆ ಫೋನು ಬಂದ ಹೊಸತರಲ್ಲಿ, ಅತ್ತೆ ತಮ್ಮ ಮಗಳ ಬಾಣಂತನಕ್ಕೆಂದು ಹರಪನಹಳ್ಳಿಗೆ ಹೋಗಿದ್ದರು. ಒಂದು ಬೆಳಿಗ್ಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದರು. ಮಗಳ ಸಮಾಚಾರವನ್ನು ಒಂದೇ ಮಾತಿನಲ್ಲಿ ಮುಗಿಸಿ, ಅಲ್ಲಿಯ ಹೇಂಟೆ ಕಡೆಯ ಎರಡು ಮೊಟ್ಟೆ ಬಿಟ್ಟು ಎದ್ದುಹೋಗಿದೆ, ಅದರಲ್ಲಿ ಒಂದಕ್ಕೆ ತೂತು ಬಿದ್ದಿದೆ, ಬಿಡಿಸಲೇನು ಎಂದು ಕೇಳಿದರು. ಎಷ್ಟು ಹೊತ್ತಾಯಿತು ಎಂದೆ. ನಿನ್ನೆ ಸಂಜೆ ಎಂದರು. ಪೊರೆ ಯಾವ ಬಣ್ಣ ಎಂದೆ. ಬಿಳಿ, ಹಸಿಯಾಗಿದೆ ಎಂದರು. ದನಿ? ಜೋರಾಗಿದೆ ಎಂದರು.

"ಹಂಗಾರ ಬ್ಯಾಡ್ರಿ ಅತ್ತಿ. ಬೆಚ್ಚಗ ಇಟ್ಟು ಸುಮ್ನ ಕುಂದರ್ರಿ."

ಆಯಿತು ಎಂದರು. ಫೋನು ಇಡುವ ಮೊದಲು ಬೂತಿನವನ ಕಡೆ ತಿರುಗಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು:

"ನಮ್ಮ ಸೊಸಿ. ತತ್ತಿ ನೋಡದ, ಕೂಡ್ಲಿಗ್ಯಾಗ ಕೂತ ಹೇಳ್ತಾಳ."